ದೀಪಾವಳಿಯಿಂದ ಪತ್ತನಾಜೆಯವರೆಗೆ ಒಂದು ಬೆಂಚು

(ಮಂಗಳೂರಿನ ರಸ್ತೆಗಳ ಕುರಿತು ನಾಗರಿಕರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಬಿಟ್ಟಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಮಾತ್ರ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಮ್ಮೂರಿನವರಿಗೆ ಜಾಗದ ವಿಷಯವನ್ನು ಚದರ ಮೀಟರಿನಲ್ಲಿ ಹೇಳಿ ಪ್ರಯೋಜನವಿಲ್ಲ, ಸೆಂಟ್ಸ್‌ನಲ್ಲೇ, ಅಂದರೆ ಎಕರೆಯ ನೂರನೇ ಒಂದು ಪಾಲಿನ ಲೆಕ್ಕದಲ್ಲೇ, ಹೇಳಬೇಕು. ರಸ್ತೆ ಬದಿಯಲ್ಲಿ ಒಂದು ಕಾರು ನಿಲ್ಲಲು 2.5 ಮೀಟರ್ ಅಗಲ, 5 ಮೀಟರ್ ಉದ್ದದ ಜಾಗ ಬೇಕು ಎನ್ನುವುದು ಸಾಮಾನ್ಯವಾಗಿ ಹಿಡಿಯುವ ಲೆಕ್ಕ. ಅಂಥ ಮೂರು ಜಾಗ ಸೇರಿದರೆ ಹತ್ತಿರ ಹತ್ತಿರ ಒಂದು ಸೆಂಟ್ಸ್. ಹಂಪನಕಟ್ಟೆಯಲ್ಲಿ ಒಂದು ಸೆಂಟ್ಸ್‌ಗೆ ಈಗ ಎಷ್ಟು ನಡೆಯುತ್ತಿದೆ ಎಂದು ನಾನು ಹೇಳಬೇಕಾಗಿಲ್ಲ, ನನಗಿಂತ ಚೆನ್ನಾಗಿ ಗೊತ್ತಿರುವವರು ಇಲ್ಲಿ ಕೂತಿದ್ದೀರಿ. ಆ ಒಂದು ಸೆಂಟ್ಸನ್ನು ನಾವು ಮೂರು ಕಾರುಗಳಿಗೆ ಬೆಳಗ್ಗಿನಿಂದ ರಾತ್ರಿವರೆಗೆ ಬಿಟ್ಟುಕೊಟ್ಟಿದ್ದೇವೆ, ಹೆಚ್ಚಿನ ಕಡೆ ಬಾಡಿಗೆಯೂ ಇಲ್ಲದೆ. ಅದೇ ಹೊತ್ತಿಗೆ, ವೆನ್ಲಾಕ್ ಆಸ್ಪತ್ರೆಯಲ್ಲೋ ಲೇಡಿಗೋಷನ್ ಆಸ್ಪತ್ರೆಯಲ್ಲೋ ಮನೆಯವರನ್ನು ದಾಖಲು ಮಾಡಿ ಹೊರಗೆ ಕಾಯುವವರು ಮುಚ್ಚಿದ ಅಂಗಡಿಯ ಮೆಟ್ಟಿಲು ಹುಡುಕುತ್ತಾರೆ. ಅಂಗಡಿಯವನು ಬಂದು ಶಟರ್ ಎತ್ತಿದರೆ ಅಲ್ಲಿಂದಲೂ ಏಳಬೇಕು.

ನಾನು ಹೇಳಬೇಕೆಂದಿರುವುದು ಇಷ್ಟು: ಅಂಥ ಕೆಲವು ಜಾಗಗಳನ್ನು ಜನ ಕೂರುವುದಕ್ಕೆ ಕೊಡೋಣ. ಆದರೆ ವರ್ಷವಿಡೀ ಬೇಡ. ದೀಪಾವಳಿ ಕಳೆದ ಮೇಲೆ ಹಾಕುವುದು, ಮಳೆಗಾಲದ ಮೊದಲು ಮೇ ಕೊನೆಗೆ ಬರುವ ಪತ್ತನಾಜೆಗೆ ಎತ್ತಿಬಿಡುವುದು. ಉಳಿದದ್ದೆಲ್ಲ ಈ ಮಾತಿನ ಸುತ್ತಲೇ.

ಯೋಚನೆ ನಮ್ಮಲ್ಲಿ ಹುಟ್ಟಿದ್ದಲ್ಲ. 2005ರ ನವೆಂಬರ್ 16ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೀಬಾರ್ ಎಂಬ ಕಲಾವಿದರ ತಂಡವೊಂದು ಪಾರ್ಕಿಂಗ್ ಮೀಟರಿಗೆ ನಾಣ್ಯ ಹಾಕಿತು. ಕಾರು ನಿಲ್ಲಿಸಲಿಲ್ಲ. ಸುತ್ತಿ ತಂದಿದ್ದ ಹುಲ್ಲುಹಾಸನ್ನು ಬಿಡಿಸಿದರು, ಒಂದು ಬೆಂಚು ಇಟ್ಟರು, ಕುಂಡದಲ್ಲಿದ್ದ ಒಂದು ಮರ ತಂದು ನಿಲ್ಲಿಸಿದರು. ಕೊಟ್ಟ ದುಡ್ಡಿಗೆ ಎರಡು ಗಂಟೆ. ಹೊತ್ತು ಮುಗಿದದ್ದೇ ಎಲ್ಲ ಕಟ್ಟಿಕೊಂಡು, ಜಾಗ ಗುಡಿಸಿ ಹೊರಟುಹೋದರು. ಬಾಡಿಗೆ ಕೊಟ್ಟ ಜಾಗದಲ್ಲಿ ಕಾರನ್ನೇ ಇಡಬೇಕೆಂದು ಕಾನೂನಿನಲ್ಲಿ ಇರಲಿಲ್ಲ, ಅಷ್ಟೇ. ಅದರ ಫೋಟೊ ಊರೂರು ಸುತ್ತಿತು. ಸೆಪ್ಟೆಂಬರಿನ ಮೂರನೇ ಶುಕ್ರವಾರ ಎಲ್ಲರೂ ಹೀಗೆ ಮಾಡುವುದು ಎಂದಾಯಿತು. 2011ರ ಹೊತ್ತಿಗೆ 35 ದೇಶಗಳ 162 ಊರುಗಳಲ್ಲಿ 975 ಇಂಥ ಒಂದು ದಿನದ ಪಾರ್ಕುಗಳು. ಅಷ್ಟರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರಾಡಳಿತವೇ 2009ರಲ್ಲಿ ಒಂದು ಯೋಜನೆ ಶುರುಮಾಡಿ, 2010ರಲ್ಲಿ ಪಾರ್ಕ್‌ಲೆಟ್ ಎನ್ನುವ ಹೆಸರಿನಲ್ಲಿ ಪರವಾನಗಿ ಕೊಡತೊಡಗಿತ್ತು. ಎರಡು ಕಾರಿನ ಜಾಗ, ಫುಟ್‌ಪಾತ್ ಮಟ್ಟಕ್ಕೆ ಬರುವ ಹಲಗೆಯ ನೆಲ, ರಸ್ತೆ ಕಡೆಗೆ ಗಟ್ಟಿಯಾದ ಅಂಚು, ಒಳಗೆ ಬೆಂಚು ಮತ್ತು ಗಿಡ. ಎದುರಿನ ಅಂಗಡಿಯವರೋ ಕೆಫೆಯವರೋ ಖರ್ಚು ಹಾಕಿ ನೋಡಿಕೊಳ್ಳಬೇಕು. ಆದರೆ ಯಾರು ಬೇಕಾದರೂ ಬಂದು ಕೂರಬಹುದು, ಏನೂ ಕೊಳ್ಳಬೇಕಾಗಿಲ್ಲ, ಮೇಜಿಗೆ ಬಂದು ಆರ್ಡರ್ ತೆಗೆದುಕೊಳ್ಳುವ ಹಾಗಿಲ್ಲ. ಇದು ಎಲ್ಲರ ಜಾಗ ಎಂದು ಫಲಕ ಹಾಕುವುದೂ ಕಡ್ಡಾಯವಾಗಿತ್ತು.

ಅದನ್ನು ನೋಡಿ ಬಂದ ನಮ್ಮವರು ಹಾಗೆಯೇ ಇಲ್ಲಿ ತಂದು ಇಡೋಣ ಎನ್ನುತ್ತಾರೆ. ಅಲ್ಲೇ ನನ್ನ ತಕರಾರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ನಮಗೆ 3,500 ಮಿಲಿಮೀಟರಿಗೂ ಮೀರಿ; ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೆ. ಅವರ ವರ್ಷದ ಮಳೆ ನಮಗೆ ಜುಲೈಯ ಎರಡು ವಾರದಲ್ಲಿ ಮುಗಿದೀತು. ಆ ನಾಲ್ಕು ತಿಂಗಳು ರಸ್ತೆಯ ಅಂಚು ಇರುವುದು ನೀರಿಗೆ. ಅಂಚಿನಲ್ಲಿ ನೀರು ಹರಿದು ಚರಂಡಿಯ ಬಾಯಿಗೆ ಸೇರಬೇಕು. ಆ ಬಾಯಿ ಎಷ್ಟು ಕಡೆ ತೆರೆದಿದೆ, ಎಷ್ಟು ಕಡೆ ಕಾಂಕ್ರೀಟ್ ಹಾಕುವಾಗ ಮುಚ್ಚಿಹೋಗಿದೆ ಎನ್ನುವುದು ಬೇರೆಯೇ ಉಪನ್ಯಾಸ. ಆ ಅಂಚಿನ ಮೇಲೆ ಹಲಗೆಯ ನೆಲ ಹಾಕಿದರೆ ಏನಾಗುತ್ತದೆ? ಮೊದಲ ಮಳೆಗೆ ಬಂದ ಪ್ಲಾಸ್ಟಿಕ್, ತೆಂಗಿನ ಸಿಪ್ಪೆ, ತರಗೆಲೆ ಎಲ್ಲ ಅದರ ಅಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ನೀರು ಹಿಂದಕ್ಕೆ ನಿಂತು ಪಕ್ಕದ ಅಂಗಡಿಯೊಳಗೆ ಹೋಗುತ್ತದೆ. ಒಂದು ಸಲ ಅಂಗಡಿಗೆ ನೀರು ನುಗ್ಗಿದರೆ ಸಾಕು, ಮತ್ತೆ ಇಪ್ಪತ್ತು ವರ್ಷ ಆ ರಸ್ತೆಯಲ್ಲಿ ಪಾರ್ಕ್‌ಲೆಟ್ ಎನ್ನುವ ಹೆಸರೆತ್ತುವ ಹಾಗಿಲ್ಲ.

ಎರಡನೆಯದು ಸೊಳ್ಳೆ. ಕರ್ನಾಟಕದ ಮಲೇರಿಯಾ ಪ್ರಕರಣಗಳಲ್ಲಿ ದೊಡ್ಡ ಪಾಲು ಹಲವು ವರ್ಷ ಮಂಗಳೂರಿನದ್ದೇ ಆಗಿತ್ತು, ಇದು ಆರೋಗ್ಯ ಇಲಾಖೆಯವರಿಗೆಲ್ಲ ಬಾಯಿಪಾಠ. ನಗರದ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಗೆ ಕೊಳಚೆ ಬೇಡ; ಟ್ಯಾಂಕು, ಕಟ್ಟಡದ ಕೆಲಸಕ್ಕೆ ನಿಲ್ಲಿಸಿದ ನೀರು, ಅಂಥ ತಿಳಿನೀರು ಸಾಕು. ಡೆಂಗಿಯ ಸೊಳ್ಳೆಗೆ ಹೂಕುಂಡದ ತಟ್ಟೆಯೂ ಸಾಕು. ಮಳೆಗಾಲದಲ್ಲಿ ಹಲಗೆಯ ಅಡಿ ನಿಂತ ನೀರನ್ನು ಯಾರೂ ಬಗ್ಗಿ ನೋಡುವುದಿಲ್ಲ. ಆಸ್ಪತ್ರೆಯ ಎದುರು ಕೂರುವ ಜಾಗ ಮಾಡಿ, ಅಲ್ಲೇ ಜ್ವರ ಹಿಡಿಸಿ ಒಳಗೆ ಕಳಿಸುವುದು ಬೇಡ.

ಹಾಗಾಗಿ ಕಾಲ ನೋಡಿ ಮಾಡಬೇಕು. ಇದರಲ್ಲಿ ನಮಗೆ ಯಾರ ಪಾಠವೂ ಬೇಡ. ಯಕ್ಷಗಾನದ ಮೇಳಗಳು ದೀಪಾವಳಿ ಕಳೆದ ಮೇಲೆ ತಿರುಗಾಟಕ್ಕೆ ಹೊರಡುತ್ತವೆ. ತುಳುವರ ಬೇಶ ತಿಂಗಳ ಹತ್ತನೇ ದಿನ ಪತ್ತನಾಜೆಗೆ, ಅಂದರೆ ಮೇ ಕೊನೆಯ ವಾರಕ್ಕೆ, ಗೆಜ್ಜೆ ಬಿಚ್ಚುತ್ತವೆ. ನೇಮ, ಕೋಲ, ಜಾತ್ರೆ ಎಲ್ಲದಕ್ಕೂ ಅದೇ ಗಡು. ಅಲ್ಲಿಂದ ಮೇಲೆ ಮಳೆಯ ಯಜಮಾನಿಕೆ. ಒಂದು ಬಯಲಾಟಕ್ಕೆ ರಂಗಸ್ಥಳ, ಚೌಕಿ, ದೀಪ, ಕೂರುವ ವ್ಯವಸ್ಥೆ ಎಲ್ಲ ಸಂಜೆಗೆ ಎದ್ದು ಬೆಳಗಾಗುವಾಗ ಲಾರಿ ಹತ್ತಿರುತ್ತದೆ. ಗದ್ದೆಯಲ್ಲಿ ಒಂದು ಗುಂಡಿಯೂ ಉಳಿಯುವುದಿಲ್ಲ. ರಸ್ತೆಯಲ್ಲಿ ಒಂದು ಬೆಂಚು ಇಡುವುದಕ್ಕೆ ಮಾತ್ರ ನಾವು ಕಾಂಕ್ರೀಟ್ ಅಗೆದು ಬೋಲ್ಟು ಹೊಡೆದು ಉದ್ಘಾಟನೆಯ ಕಲ್ಲು ನೆಡಲು ಹೊರಡುವುದು ಯಾಕೆ?

ನ್ಯೂಯಾರ್ಕಿನವರು ಈ ಪಾಠ ಈಚೆಗೆ ಕಲಿತರು. ಕೋವಿಡ್ ಕಾಲದಲ್ಲಿ ಹೋಟೆಲಿನವರು ಎದುರಿನ ಪಾರ್ಕಿಂಗ್ ಜಾಗದಲ್ಲಿ ಮೇಜು ಹಾಕಿಕೊಳ್ಳಬಹುದು ಎಂದು ಬಿಟ್ಟರು. ಸಾವಿರಗಟ್ಟಲೆ ಮರದ ಶೆಡ್ಡುಗಳು ಎದ್ದವು. ಚೆನ್ನಾಗಿದ್ದವೂ ಇದ್ದವು; ಬಿಟ್ಟುಹೋದ, ಇಲಿ ಸೇರಿದ ಶೆಡ್ಡುಗಳೂ ಕಡಿಮೆ ಇರಲಿಲ್ಲ. ಆಮೇಲೆ 2023ರಲ್ಲಿ ಬಂದ ಕಾನೂನಿನಲ್ಲಿ ರಸ್ತೆಯ ಮೇಲಿನವು ಏಪ್ರಿಲಿನಿಂದ ನವೆಂಬರಿನವರೆಗೆ ಮಾತ್ರ ಎಂದು ಮಾಡಿದರು. ಚಳಿಗಾಲ ಬಂದರೆ ಕಳಚಬೇಕು. ಕೆಲವು ಹೋಟೆಲಿನವರು ಕಳಚಿ ಜೋಡಿಸುವ ಖರ್ಚು ಹೆಚ್ಚಾಯಿತು ಎಂದು ದೂರಿದರು, ಆ ದೂರಿನಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಅದಕ್ಕೇ ನಾನು ಹೇಳುವುದು, ಶೆಡ್ಡು ಬೇಡ, ಹಲಗೆಯ ನೆಲವೂ ಬೇಡ. ಫುಟ್‌ಪಾತಿನಿಂದ ಒಂದು ಸಣ್ಣ ಇಳಿಜಾರು ಪಟ್ಟಿ ಇಟ್ಟರೆ ವಯಸ್ಸಾದವರು, ಗಾಲಿಕುರ್ಚಿಯವರು ಬರಬಹುದು. ಉಳಿದದ್ದು ನಾಲ್ಕು ಜನ ಎತ್ತಬಹುದಾದ ಬೆಂಚುಗಳು, ರಸ್ತೆ ಕಡೆಗೆ ಮರಳು ತುಂಬಿದ ಭಾರದ ಕುಂಡಗಳು, ರಾತ್ರಿ ಮಿನುಗುವ ಪಟ್ಟಿ, ಮೇಲೆ ನೆರಳು. ಸಮುದ್ರದ ಗಾಳಿಗೆ ಸಾದಾ ಕಬ್ಬಿಣ ಎರಡು ವರ್ಷಕ್ಕೆ ಪೊರೆ ಬಿಡುತ್ತದೆ, ಹಾಗಾಗಿ ಸತು ಲೇಪದ ಪೈಪು; ಕೂರಲು ಅಡಿಕೆ ಮರದ ಸಲಾಕೆ. ಒಂದು ಸಲಾಕೆ ಮುರಿದರೆ ಅದೊಂದನ್ನೇ ಬದಲಿಸಿದರಾಯಿತು.

ಗಿಡದ ಬಗ್ಗೆ ಒಂದು ಮಾತು. ಪಾರ್ಕು ಎಂದ ಕೂಡಲೇ ಎಲ್ಲರ ಕಣ್ಣಿಗೆ ಹುಲ್ಲುಹಾಸು ಬರುತ್ತದೆ. ನಮ್ಮ ಕೂರುವ ಕಾಲವೆಂದರೆ ನೀರು ಕಡಿಮೆಯಾಗುವ ಕಾಲವೇ. ತುಂಬೆಯ ಅಣೆಕಟ್ಟಿನಲ್ಲಿ ನೇತ್ರಾವತಿಯ ನೀರು ಇಳಿದು ನಗರಕ್ಕೆ ರೇಷನ್ ಲೆಕ್ಕದಲ್ಲಿ ನೀರು ಬಿಟ್ಟದ್ದು 2019ರಲ್ಲಿ, ಮತ್ತೆ 2023ರಲ್ಲಿ ನೋಡಿದ್ದೇವೆ. ಮನೆಯ ನಲ್ಲಿಯಲ್ಲಿ ನೀರಿಲ್ಲದಾಗ ರಸ್ತೆಯ ಹುಲ್ಲಿಗೆ ಟ್ಯಾಂಕರಿನಲ್ಲಿ ನೀರು ಹೊಡೆದರೆ ಜನ ಸುಮ್ಮನಿರುವುದಿಲ್ಲ, ಇರಲೂಬಾರದು. ಬೋಗನ್‌ವಿಲ್ಲಾ, ಕಣಗಿಲೆ, ಕ್ರೋಟನ್, ಅಷ್ಟು ಸಾಕು. ನಮಗೆ ಬೇಕಾದದ್ದು ನೆರಳು. ಮಾರ್ಚ್ ಕಳೆದ ಮೇಲೆ ಕಾಂಕ್ರೀಟ್ ರಸ್ತೆಯ ಪಕ್ಕ ನೆರಳಿಲ್ಲದ ಬೆಂಚು ಇಟ್ಟರೆ ದೋಸೆ ಹೊಯ್ಯಬಹುದು, ಮನುಷ್ಯರು ಕೂರಲಿಕ್ಕಿಲ್ಲ. ಹಾಗಾಗಿ ಮೊದಲು ಮರ ಇರುವ ಜಾಗ ಹುಡುಕಿ. ಮರ ಇಲ್ಲದಿದ್ದರೆ, ಕೆ.ಎಸ್. ರಾವ್ ರಸ್ತೆಯಂತೆ ದಕ್ಷಿಣೋತ್ತರ ಹೋಗುವ ರಸ್ತೆಗಳಲ್ಲಿ ಪಶ್ಚಿಮದ ಬದಿ ನೋಡಿ; ಮಧ್ಯಾಹ್ನದ ಮೇಲೆ ಕಟ್ಟಡಗಳ ನೆರಳು ಆ ಬದಿಗೇ ಬೀಳುತ್ತದೆ. ತೆಂಗಿನ ಮಡಲಿನ ಚಪ್ಪರ ಎಷ್ಟೋ ತಂಪು, ನನಗೂ ಅದರ ಮೇಲೆ ಆಸೆ. ಆದರೆ ಒಂದು ಬೀಡಿಯ ತುಂಡು ಬಿದ್ದರೆ ಮುಗಿಯಿತು. ಹಸಿರು ಬಲೆಯೇ ಇರಲಿ.

ಜಾಗದ ಆಯ್ಕೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಎರಡು ನಿಯಮಗಳನ್ನು ಹಾಗೆಯೇ ತೆಗೆದುಕೊಳ್ಳಬಹುದು. ವಾಹನಗಳ ವೇಗದ ಮಿತಿ ಗಂಟೆಗೆ 25 ಮೈಲಿ, ಅಂದರೆ 40 ಕಿಲೋಮೀಟರ್ ದಾಟಿದ ರಸ್ತೆಯಲ್ಲಿ ಬೇಡ. ಶೇ 5ಕ್ಕಿಂತ ಕಡಿದಾದ ಇಳಿಜಾರಿನಲ್ಲಿ, ಅಂದರೆ 20 ಮೀಟರ್ ಹೋಗುವಷ್ಟರಲ್ಲಿ ಒಂದು ಮೀಟರ್ ಏರುವಲ್ಲಿ, ಬೇಡ. ಗುಡ್ಡದ ಮೇಲೆ ಬೆಳೆದ ನಮ್ಮ ಊರಿನಲ್ಲಿ ಈ ಎರಡನೆಯ ನಿಯಮಕ್ಕೇ ಅರ್ಧ ರಸ್ತೆಗಳು ಬಿದ್ದುಹೋಗುತ್ತವೆ. ಬಾವುಟಗುಡ್ಡೆ ಹತ್ತುವ ರಸ್ತೆಯಲ್ಲಿ ಬೆಂಚು ಇಟ್ಟರೆ ಕೂತವರು ಹಂಪನಕಟ್ಟೆಗೆ ಬಂದು ಮುಟ್ಟುತ್ತಾರೆ. ಉಳಿದವುಗಳಲ್ಲಿ ನನ್ನ ಆಯ್ಕೆ ಕೇಳಿದರೆ, ಕೆಫೆಗಳ ಎದುರು ಕೊನೆಗೆ ಬನ್ನಿ. ಕಾಫಿಗೆ ದುಡ್ಡು ಕೊಡುವವರಿಗೆ ಒಳಗೆ ಕುರ್ಚಿ, ಫ್ಯಾನು ಉಂಟು. ಕಾಯಲೇಬೇಕಾದವರು ಎಲ್ಲಿದ್ದಾರೆ ನೋಡಿ. ವೆನ್ಲಾಕಿಗೆ ಬರುವವರು ಈ ಜಿಲ್ಲೆಯವರು ಮಾತ್ರ ಅಲ್ಲ, ಕಾಸರಗೋಡಿನಿಂದಲೂ ಘಟ್ಟದ ಮೇಲಿನಿಂದಲೂ ಬರುತ್ತಾರೆ. ರಕ್ತದ ರಿಪೋರ್ಟಿಗೆ ಮೂರು ಗಂಟೆ, ಸಂಜೆಯ ಭೇಟಿಯ ಹೊತ್ತಿಗೆ ಇನ್ನು ಎರಡು ಗಂಟೆ. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವವರು, ಕೋರ್ಟಿಗೆ ಬಂದು ಕರೆಯುವುದನ್ನು ಕಾಯುವವರು. ಸಂಜೆ ಗಡ್‌ಬಡ್ ಐಸ್‌ಕ್ರೀಮ್ ತಿನ್ನಲು ಬಂದು ಕೂರಲು ಜಾಗ ಸಿಗದೆ ಕಾರಿನಲ್ಲೇ ತಿನ್ನುವ ಕುಟುಂಬಗಳ ಬಗ್ಗೆ ನನಗೆ ಸಹಾನುಭೂತಿ ಇಲ್ಲದಿಲ್ಲ. ಅವರ ಸರದಿ ಆಮೇಲೆ ಬರಲಿ.

ಈಗ ಅಂಗಡಿಯವರ ಮಾತು. ಎದುರಿನ ಪಾರ್ಕಿಂಗ್ ಹೋದರೆ ವ್ಯಾಪಾರ ಹೋಗುತ್ತದೆ ಎನ್ನುವುದು ಎಲ್ಲ ಊರಿನ ವರ್ತಕರ ಭಯ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ 2006ರಲ್ಲಿ ಅಂಗಡಿಯವರನ್ನೇ ಕೇಳಿದರು, ನಿಮ್ಮ ಗಿರಾಕಿಗಳಲ್ಲಿ ಕಾರಿನಲ್ಲಿ ಬರುವವರು ಎಷ್ಟು ಎಂದು. ಶೇ 41 ಎಂದರು. ಗಿರಾಕಿಗಳನ್ನು ಕೇಳಿದಾಗ ಸಿಕ್ಕಿದ್ದು ಶೇ 22. ಈ ಸಂಖ್ಯೆಯನ್ನು ತಂದು ಭವಂತಿ ಸ್ಟ್ರೀಟಿನ ವರ್ತಕರ ಎದುರು ಹಿಡಿದರೆ, ಅದು ಬ್ರಿಸ್ಟಲ್ ಮಾರಾಯ್ರೆ ಎಂದು ಕಳಿಸುತ್ತಾರೆ. ಸರಿಯೇ. ನಮ್ಮ ಲೆಕ್ಕ ನಾವೇ ಹಾಕಬೇಕು, ಅದಕ್ಕೆ ಕನ್ಸಲ್ಟೆಂಟ್ ಬೇಕಾಗಿಲ್ಲ. ಒಂದು ಶನಿವಾರ ಇಬ್ಬರು ವಿದ್ಯಾರ್ಥಿಗಳನ್ನು ನೋಟುಬುಕ್ಕು ಕೊಟ್ಟು ನಿಲ್ಲಿಸಿ. ಒಳಗೆ ಬಂದವರನ್ನು ಬಸ್ಸಾ, ಸ್ಕೂಟರಾ, ರಿಕ್ಷಾವಾ, ನಡೆದಾ, ಕಾರಾ ಎಂದು ಕೇಳಲಿ. ಜತೆಗೆ ಇನ್ನೊಂದನ್ನೂ ಬರೆಯಲಿ: ಎದುರಿನ ಕಾರಿನ ನಂಬರು, ಅದು ಬಂದ ಹೊತ್ತು, ಹೋದ ಹೊತ್ತು. ಬೆಳಗ್ಗೆ ಒಂಬತ್ತೂವರೆಗೆ ಬಂದು ರಾತ್ರಿ ಎಂಟಕ್ಕೆ ಹೋಗುವ ಕಾರು ಗಿರಾಕಿಯದ್ದಲ್ಲ ಎಂದು ಊಹಿಸಲು ಬುದ್ಧಿವಂತಿಕೆ ಬೇಡ. ಆ ಕಾರು ಯಾರದ್ದೆಂದು ವರ್ತಕರ ಸಂಘದ ಸಭೆಯಲ್ಲಿ ಓದಿ ಹೇಳಬೇಡಿ, ಜಗಳವಾದೀತು. ಲೆಕ್ಕ ಮಾತ್ರ ಕೊಡಿ.

ಇದರ ಜತೆ ಕಟ್ಟಡಗಳ ನೆಲಮಾಳಿಗೆಯ ಸಂಗತಿಯನ್ನೂ ಹೇಳದೆ ಬಿಡುವ ಹಾಗಿಲ್ಲ. ನಕ್ಷೆಯಲ್ಲಿ ಪಾರ್ಕಿಂಗ್, ಇಳಿದು ನೋಡಿದರೆ ಅಂಗಡಿಯೋ ಗೋದಾಮೋ. ಪಾಲಿಕೆ ಆಗಾಗ ಕಾರ್ಯಾಚರಣೆ ಮಾಡುತ್ತದೆ, ಮರುದಿನದ ಪತ್ರಿಕೆಯಲ್ಲಿ ಫೋಟೊ ಬರುತ್ತದೆ, ಕೆಲವು ತಿಂಗಳಿಗೆ ಮತ್ತೆ ಅದೇ. ಕಟ್ಟಡದೊಳಗೆ ಇರಬೇಕಾದ ಕಾರನ್ನು ರಸ್ತೆಗೆ ತಂದು, ಆಮೇಲೆ ರಸ್ತೆಯಲ್ಲಿ ಜಾಗ ಸಾಲದು ಎಂದು ಬೆಂಚಿಗೆ ಅಡ್ಡ ಬರುವುದು ನ್ಯಾಯವಲ್ಲ.

ಕಾರಿಗಿಂತ ಕಷ್ಟದ ಪ್ರಶ್ನೆ ಸ್ಕೂಟರಿನದ್ದು. ವಿದೇಶದ ಪುಸ್ತಕಗಳಲ್ಲಿ ಇದಕ್ಕೆ ಉತ್ತರವಿಲ್ಲ, ಅಲ್ಲಿ ಈ ಸಮಸ್ಯೆಯೇ ಕಡಿಮೆ. ಎರಡು ಕಾರು ನಿಲ್ಲುವ 10 ಮೀಟರಿನಲ್ಲಿ ಹತ್ತು ಹನ್ನೆರಡು ಸ್ಕೂಟರು ಆರಾಮವಾಗಿ ನಿಲ್ಲುತ್ತವೆ. ಸ್ಕೂಟರಿನಲ್ಲಿ ಬರುವವರು ಸೇಲ್ಸ್ ಹುಡುಗಿಯರು, ಗುಮಾಸ್ತರು, ಪೇಟೆಗೆ ಸಾಮಾನಿಗೆ ಬಂದ ಗಂಡ ಹೆಂಡತಿ. ಅವರನ್ನು ಎಬ್ಬಿಸಿ ಬೆಂಚು ಹಾಕಿದರೆ ನಾನೂ ವಿರೋಧಿಸುತ್ತೇನೆ. ನನ್ನ ಸಲಹೆ ಇದು: ಸ್ಕೂಟರು ನಿಲ್ಲುವ ಜಾಗವನ್ನು ಮುಟ್ಟಲೇಬೇಡಿ. ಕಾರು ನಿಲ್ಲುವ ಮೂರು ಜಾಗ ತೆಗೆದುಕೊಳ್ಳಿ, ಮೊದಲು ಹೇಳಿದ ಒಂದು ಸೆಂಟ್ಸ್. ಎರಡು ಪಾಲು ಬೆಂಚಿಗೆ, ಒಂದು ಪಾಲಿಗೆ ಬಿಳಿ ಗೆರೆ ಎಳೆದು ಸ್ಕೂಟರಿಗೆ. ಮೂರು ಕಾರು ಹೋಗಿ ಐದಾರು ಸ್ಕೂಟರು, ಹತ್ತು ಹದಿನೈದು ಮಂದಿ ಕೂರುವ ಜಾಗ ಬರುತ್ತದೆ. ಸ್ಕೂಟರಿನವರೇ ನಿಮ್ಮ ಪರ ನಿಲ್ಲುತ್ತಾರೆ.

ಇನ್ನು, ಯಾರು ಕೂರಬಹುದು? ಎಲ್ಲರೂ ಎನ್ನುವುದು ಸುಲಭದ ಉತ್ತರ. ಬೆಂಚು ಹಾಕಿದ ಮೂರನೇ ದಿನಕ್ಕೆ ಅದರ ತುಂಬ ಗಂಡಸರೇ ಇರುತ್ತಾರೆ, ಹೆಂಗಸರು ನಿಂತೇ ಇರುತ್ತಾರೆ, ಇದು ನಮ್ಮ ಯಾವ ಬಸ್‌ಸ್ಟ್ಯಾಂಡಿನಲ್ಲೂ ಕಾಣುವ ಸಂಗತಿ. ಒಂದೇ ಉದ್ದದ ಬೆಂಚಿನ ಬದಲು ಎದುರುಬದುರಾಗಿ ಸಣ್ಣ ಸಣ್ಣ ಬೆಂಚು ಹಾಕಿದರೆ, ಒಳ್ಳೆಯ ಬೆಳಕು ಇದ್ದರೆ, ಸ್ವಲ್ಪ ಬದಲಾಗುತ್ತದೆ. ಇನ್ನೊಂದು ವಿಷಯವನ್ನು ಈ ಊರಿನಲ್ಲಿ ನಿಂತು ಹೇಳದೆ ಹೋದರೆ ಆಷಾಢಭೂತಿತನವಾಗುತ್ತದೆ. ಕಾಲೇಜಿನ ಹುಡುಗ ಹುಡುಗಿ ಅಕ್ಕಪಕ್ಕ ಕೂತರೆ, ಹೆಸರೇನು ಎಂದು ಕೇಳಲು ಯಾರೋ ಬರುತ್ತಾರೆ. ನೈತಿಕ ಪೊಲೀಸ್‌ಗಿರಿ ಎನ್ನುವ ಮಾತಿನ ಜತೆ ಮಂಗಳೂರಿನ ಹೆಸರು ಎಷ್ಟು ಸಲ ದೇಶದ ಪತ್ರಿಕೆಗಳಲ್ಲಿ ಬಂದಿದೆ ಎಂದು ನಿಮಗೆ ಗೊತ್ತು. ಹಾಗಾಗದಂತೆ ಬೆಂಚೇ ಬೇಡ ಎನ್ನುವ ಅಧಿಕಾರಿಗಳೂ ಇರಬಹುದು. ಬೆಂಚು ತೆಗೆದು ಶಾಂತಿ ಕಾಪಾಡುವುದಾದರೆ ನಾಳೆ ಬಸ್ಸಿನ ಸೀಟನ್ನೂ ತೆಗೆಯಬೇಕಾಗುತ್ತದೆ. ಬೀಟ್ ಪೊಲೀಸರ ಸಂಜೆಯ ಸುತ್ತಿನಲ್ಲಿ ಈ ಜಾಗಗಳೂ ಇರಲಿ, ಅವರು ಕೂತವರನ್ನು ವಿಚಾರಿಸಲಿಕ್ಕೆ ಬರುವುದು ಬೇಡ, ವಿಚಾರಿಸಲು ಬರುವವರನ್ನು ನೋಡಿಕೊಂಡರೆ ಸಾಕು.

ನೋಡಿಕೊಳ್ಳುವುದಕ್ಕೆ ನನ್ನ ಮನಸ್ಸಿನಲ್ಲಿರುವವರು ಬೀದಿ ವ್ಯಾಪಾರಿಗಳು. ಚರುಮುರಿಯವನು, ಬೊಂಡದವನು, ಅಂದರೆ ಎಳನೀರಿನವನು, ಕಬ್ಬಿನ ಹಾಲಿನವನು. ರಾತ್ರಿ ಒಂಬತ್ತರವರೆಗೆ ದೀಪ ಹಚ್ಚಿಕೊಂಡು ಇರುವವರು ಅವರೇ; ಯಾರು ಬಂದರು, ಯಾರು ಹೋದರು ಎಂದು ಪೊಲೀಸರಿಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ. ಸುಂದರೀಕರಣದ ಹೆಸರಿನಲ್ಲಿ ಮೊದಲು ಎಬ್ಬಿಸುವುದೂ ಅವರನ್ನೇ. ಬೀದಿ ವ್ಯಾಪಾರಿಗಳಿಗೆ ರಕ್ಷಣೆ ಕೊಡುವ ಕಾನೂನು 2014ರಲ್ಲೇ ಬಂದಿದೆ, ಪಟ್ಟಣ ವ್ಯಾಪಾರ ಸಮಿತಿ ಎನ್ನುವುದು ಅದರ ಅಡಿಯಲ್ಲೇ ಇರುವುದು. ಒಂದು ಪಾರ್ಕ್‌ಲೆಟ್‌ಗೆ ಒಬ್ಬ ಗುರುತುಚೀಟಿ ಇರುವ ವ್ಯಾಪಾರಿಯನ್ನು ಸೇರಿಸಿ. ಆತ ಗುಡಿಸಬೇಕು, ಕುಂಡಕ್ಕೆ ನೀರು ಹಾಕಬೇಕು, ಕಸದ ಡಬ್ಬಿ ನೋಡಬೇಕು. ಬದಲಿಗೆ ಆ ಜಾಗದಿಂದ ಅವನನ್ನು ಯಾರೂ ಓಡಿಸುವ ಹಾಗಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಕೆಫೆಗಿಂತ ಇದು ನಮಗೆ ಹೊಂದುತ್ತದೆ ಎನ್ನುವುದು ನನ್ನ ಅಂದಾಜು.

ಕಾನೂನಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಎಲ್ಲಿ ವಾಹನ ನಿಲ್ಲಬಹುದು ಎಂದು ಗೊತ್ತುಮಾಡುವ ಅಧಿಕಾರ 1988ರ ಮೋಟಾರು ವಾಹನ ಕಾಯ್ದೆಯ 117ನೇ ಕಲಂನಲ್ಲಿ ಉಂಟು. ಸ್ಥಳೀಯ ಸಂಸ್ಥೆಯ ಜತೆ ಮಾತಾಡಿ ಸರ್ಕಾರ, ಅಥವಾ ಸರ್ಕಾರ ಅಧಿಕಾರ ಕೊಟ್ಟವರು ಮಾಡಬೇಕು. ಎಂದರೆ ಪಾಲಿಕೆ, ಪೊಲೀಸು ಇಬ್ಬರೂ ಒಪ್ಪದೆ ಆಗುವ ಕೆಲಸವಲ್ಲ. ಇನ್ನೊಂದು, 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟು ರಸ್ತೆ, ಫುಟ್‌ಪಾತುಗಳಲ್ಲಿ ಪ್ರತಿಮೆಯನ್ನೋ ಕಟ್ಟಡವನ್ನೋ ನಿಲ್ಲಿಸಲು ರಾಜ್ಯ ಸರ್ಕಾರಗಳು ಅನುಮತಿ ಕೊಡಬಾರದು ಎಂದಿದೆ. ಬೀದಿದೀಪ, ಸಂಚಾರ ವ್ಯವಸ್ಥೆ, ರಸ್ತೆಯ ಸುಂದರೀಕರಣ, ಸಾರ್ವಜನಿಕ ಸೌಲಭ್ಯಗಳಿಗೆ ಅದರಲ್ಲಿ ವಿನಾಯಿತಿ ಇದೆ. ಆದರೂ ಕಟ್ಟದೆ, ಬುನಾದಿ ಹಾಕದೆ, ಎತ್ತಿ ಒಯ್ಯುವ ಹಾಗೆ ಇಟ್ಟದ್ದಕ್ಕೆ ವಾದ ಸುಲಭ.

ಉಡುಪಿಯಿಂದ ಬಂದವರು ಮುಂದಿನ ಸಾಲಿನಲ್ಲಿದ್ದೀರಿ, ನಿಮ್ಮ ಊರಿನ ಬಗ್ಗೆ ಹೇಳದಿದ್ದರೆ ಬಿಡುವುದಿಲ್ಲ. ನಿಜ ಹೇಳಬೇಕೆಂದರೆ ಈ ವಿಷಯದಲ್ಲಿ ನೀವು ನಮಗಿಂತ ಮುಂದೆ. ರಥಬೀದಿಯಲ್ಲಿ ವಾಹನ ತಡೆದು, ಬಂದವರ ಕಾರುಗಳನ್ನು ಹಿಂದಿನ ಪಾರ್ಕಿಂಗ್ ಜಾಗಕ್ಕೆ ಕಳಿಸುತ್ತೀರಿ. ಅನಂತೇಶ್ವರ, ಚಂದ್ರಮೌಳೀಶ್ವರ, ಸುತ್ತ ಮಠಗಳು, ನಡುವೆ ಸಂಜೆ ಹೊತ್ತು ಜನ ಎಲ್ಲೆಂದರಲ್ಲಿ ಕೂತಿರುತ್ತಾರೆ. ಅಂಗಡಿಗಳು ಮುಚ್ಚಿಹೋಗಲಿಲ್ಲವಲ್ಲ? ತೇರು ಹೋಗಬೇಕಾದ ಬೀದಿ ಆದ್ದರಿಂದ ಅಲ್ಲಿ ಶಾಶ್ವತವಾಗಿ ಏನನ್ನೂ ನೆಡುವ ಹಾಗೂ ಇಲ್ಲ. ಆ ತೇರೂ ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿಯ ಸಮಯ ಬಿಟ್ಟರೆ ಚಾತುರ್ಮಾಸ್ಯದಲ್ಲಿ ಹೊರಡುವುದಿಲ್ಲ. ಉತ್ಥಾನ ದ್ವಾದಶಿ ಕಳೆದು ಲಕ್ಷದೀಪಕ್ಕೆ ಮತ್ತೆ ಹೊರಡುತ್ತದೆ. ನಾನು ಹೇಳುವ ಬೆಂಚಿನ ಪಂಚಾಂಗವೂ ಹೆಚ್ಚುಕಡಿಮೆ ಅದೇ.

ಉಡುಪಿಯಲ್ಲಿ ತೊಂದರೆ ಇರುವುದು ಬೀದಿಯ ಹೊರಗೆ. ಎರಡು ವರ್ಷಕ್ಕೊಮ್ಮೆ ಜನವರಿ 18ರ ಬೆಳಗಿನ ಜಾವ ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯದ ಮೆರವಣಿಗೆ ಜೋಡುಕಟ್ಟೆಯಿಂದ ಹೊರಡುತ್ತದೆ. ಅದು ಸಾಗುವ ದಾರಿಯಲ್ಲಿ ಪಾರ್ಕ್‌ಲೆಟ್ ಇದ್ದರೆ ಹಿಂದಿನ ದಿನವೇ ಎತ್ತಬೇಕು. ಎತ್ತಲು ಬರುವ ಬೆಂಚಾದರೆ ಒಂದು ಗಂಟೆಯ ಕೆಲಸ. ಕಲ್ಸಂಕದ ಹತ್ತಿರ ಮಾತ್ರ ಯೋಚಿಸಲೇಬೇಡಿ, ಅಲ್ಲಿ ವಾಹನಗಳಿಗೇ ಉಸಿರಾಡಲು ಜಾಗವಿಲ್ಲ. ಅಜ್ಜರಕಾಡಿನಲ್ಲಿ ಜಿಲ್ಲಾಸ್ಪತ್ರೆಯೂ ಇದೆ, ಭುಜಂಗ ಪಾರ್ಕೂ ಇದೆ. ಆಸ್ಪತ್ರೆಗೆ ಬಂದವರು ಪಾರ್ಕಿನವರೆಗೆ ಹೋಗಲಾರರು, ಕರೆದರೆ ಕೇಳಿಸುವ ದೂರದಲ್ಲೇ ಇರಬೇಕಾಗುತ್ತದೆ. ಒಂದು ಬೆಂಚು ಆಸ್ಪತ್ರೆಯ ಗೇಟಿನ ಹತ್ತಿರದ ಅಂಚಿನಲ್ಲಿ ಇಟ್ಟು ನೋಡಬಹುದು. ಮಂಗಳೂರಿನಲ್ಲಿ ಕುದ್ರೋಳಿಯ ದಸರಾ ಮೆರವಣಿಗೆ ದೀಪಾವಳಿಗಿಂತ ಮೊದಲೇ ಮುಗಿದಿರುತ್ತದೆ, ನಮಗೆ ಆ ಚಿಂತೆ ಇಲ್ಲ. ಕೋಡಿಯಾಲ ತೇರಿಗೆ ಕಾರ್‌ಸ್ಟ್ರೀಟಿನ ಸುತ್ತ ನಾಲ್ಕು ದಿನ ತೆಗೆದರಾಯಿತು.

ಇಲ್ಲಿಗೆ ನನ್ನ ಮಾತು ಮುಗಿಯಿತು. ಆಮೇಲಿನದು ಪ್ರಶ್ನೆಗಳು.

ಒಬ್ಬರು ಕೇಳಿದರು: ದುಡ್ಡು ಎಲ್ಲಿಂದ?

ಬೆಂಚು, ಕುಂಡ, ಬಲೆ ಇದಕ್ಕೆ ದೊಡ್ಡ ಮೊತ್ತ ಬೇಡ, ಒಂದು ಸರ್ಕಲ್ಲಿನ ಕಾರಂಜಿಗೆ ಆಗುವಷ್ಟರಲ್ಲಿ ಇಡೀ ನಗರಕ್ಕೆ ಆಗುತ್ತದೆ. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ 2009ರ ಮೇ ತಿಂಗಳಲ್ಲಿ ವಾಹನ ನಿಲ್ಲಿಸಿದಾಗ ಮೊದಲು ಹಾಕಿದ್ದು ಅಗ್ಗದ ಮಡಚುವ ಕುರ್ಚಿಗಳನ್ನು. ಜನ ಕೂತದ್ದು ನೋಡಿದ ಮೇಲೆ ಮುಂದಿನ ವರ್ಷ ಶಾಶ್ವತ ಮಾಡಿದರು. ನಡೆಸುವ ಖರ್ಚಿಗೆ ಬೇರೆ ದಾರಿ ಉಂಟು. ಅಮೆರಿಕದ ಪಸಡೀನಾ ಎಂಬ ಊರಿನ ಹಳೆಪೇಟೆಯಲ್ಲಿ 1993ರಲ್ಲಿ ಪಾರ್ಕಿಂಗ್ ಮೀಟರು ಹಾಕುವಾಗ ವರ್ತಕರು ಒಪ್ಪಲಿಲ್ಲ. ಬಂದ ದುಡ್ಡನ್ನು ಇದೇ ಬೀದಿಯ ಫುಟ್‌ಪಾತ್, ಮರ, ಸ್ವಚ್ಛತೆಗೆ ಹಾಕುತ್ತೇವೆ ಎಂದ ಮೇಲೆ ಒಪ್ಪಿದರು. ಪಾರ್ಕಿಂಗಿನ ಅರ್ಥಶಾಸ್ತ್ರವನ್ನೇ ಜೀವನಪೂರ್ತಿ ಓದಿದ ಡೊನಾಲ್ಡ್ ಶೂಪ್ ಎಂಬ ಪ್ರಾಧ್ಯಾಪಕರು ಈ ಉದಾಹರಣೆಯನ್ನು ಮತ್ತೆ ಮತ್ತೆ ಕೊಡುತ್ತಿದ್ದರು. ಉಳಿದ ಕಾರುಗಳಿಂದ ಗಂಟೆಗೆ ಇಷ್ಟೆಂದು ತೆಗೆದುಕೊಂಡು ಅದೇ ರಸ್ತೆಗೆ ಹಾಕಿದರೆ ನಮ್ಮವರೂ ಒಪ್ಪಿಯಾರು. ಅದು ಪಾಲಿಕೆಯ ಸಾಮಾನ್ಯ ಖಾತೆಗೆ ಹೋಗಿ ಸೇರಿದರೆ ಯಾರೂ ಒಪ್ಪುವುದಿಲ್ಲ.

ಹಿಂದಿನಿಂದ ಒಬ್ಬರು: ರಾತ್ರಿ ಕುಡುಕರು ಮಲಗುತ್ತಾರಲ್ಲ?

ಮಲಗಬಹುದು. ಬೆಂಚಿನ ನಡುವೆ ಕಬ್ಬಿಣದ ಕೈ ಹಾಕಿ ಮಲಗದಂತೆ ಮಾಡುವ ಉಪಾಯ ಬಹಳ ಕಡೆ ಇದೆ. ನನಗೆ ಇಷ್ಟವಿಲ್ಲ. ರಾತ್ರಿ ಆಸ್ಪತ್ರೆಯ ಎದುರು ಮಲಗುವವರಲ್ಲಿ ಕುಡುಕರು ಎಷ್ಟು, ಒಳಗೆ ಮಗು ಇರುವ ತಂದೆಯರು ಎಷ್ಟು ಎಂದು ಮೊದಲು ಹೋಗಿ ನೋಡಿ ಬನ್ನಿ.

ಕೊನೆಯ ಪ್ರಶ್ನೆ ಪಾಲಿಕೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರದ್ದು: ಪತ್ತನಾಜೆಗೆ ತೆಗೆದದ್ದನ್ನು ಎಲ್ಲಿ ಇಡುತ್ತೀರಿ? ನಮ್ಮ ಗೋದಾಮಿಗೆ ಹೋದ ಸಾಮಾನು ಹೊರಗೆ ಬಂದದ್ದು ನಾನು ನೋಡಿಲ್ಲ.

ಅವರು ಹೇಳಿದ್ದಕ್ಕೆ ಎಲ್ಲರೂ ನಕ್ಕರು, ಆದರೆ ಪ್ರಶ್ನೆ ತಮಾಷೆಯದ್ದಲ್ಲ. ಗೋದಾಮಿಗೆ ಬೇಡ. ಕುಂಡಗಳನ್ನು ಹತ್ತಿರದ ಪಾರ್ಕಿಗೆ ಕಳಿಸಿ, ಮಳೆಯಲ್ಲಿ ಅವು ತಾವೇ ಬದುಕುತ್ತವೆ. ಬೆಂಚುಗಳನ್ನು ರಸ್ತೆ ದಾಟಿಸಿ ಆಸ್ಪತ್ರೆಯ ಒಳಗಿನ ಜಗಲಿಗೆ ಹಾಕಿ. ಮಳೆಗಾಲದಲ್ಲಿ ಜ್ವರದವರು ಹೆಚ್ಚಾಗುತ್ತಾರೆ, ಒಳಗೆ ಕಾಯುವವರೂ ಹೆಚ್ಚು, ಸೂರು ಇದೆ. ಬೆಂಚಿನ ಅಡಿಯಲ್ಲಿ ಪಾಲಿಕೆಯ ನಂಬರು ಬರೆದಿರಲಿ, ಎರಡೂ ಕಡೆಯ ಸ್ಟಾಕ್ ರಿಜಿಸ್ಟರಿನಲ್ಲಿ ಸಹಿ ಇರಲಿ. ಸಹಿ ಇಲ್ಲದಿದ್ದರೆ ದೀಪಾವಳಿಗೆ ಕೇಳಲು ಹೋದಾಗ, ಇದು ನಮ್ಮದೇ ಬೆಂಚು, ಮೊದಲಿನಿಂದ ಇಲ್ಲೇ ಇತ್ತು ಎನ್ನುತ್ತಾರೆ.